ಸುಣ್ಣದ ತಿಳಿಗಿಳಿದ ಕಾಮಾಲೆ

ಹಿತ್ತಾಳೆ ಬೋಗುಣಿಯ ಸುಣ್ಣದ ತಿಳಿಯಲ್ಲಿ ಅತ್ತಿಗೆಯ ಕೈಗಳು ಮಣಿಕಟ್ಟಿನವರೆಗೆ ಮುಳುಗಿದ್ದವು. ಬೆರಳ ಸಂದಿನಿಂದ ಹಳದಿ ಎಳೆಎಳೆಯಾಗಿ ಇಳಿದು ನೀರಿಗೆಲ್ಲ ಹರಡಿತು.

"ನೋಡಿ ಅಮ್ಮಾ, ಕಾಮಾಲೆ ಹ್ಯಾಗೆ ಇಳೀತಾ ಇದೆ," ಎಂದರು ಪಂಡಿತರು.

ಅಮ್ಮ ಕೈಮುಗಿದಳು. ಅಣ್ಣ ಬಾಗಿಲಿಗೆ ಒರಗಿ, ಹೆಂಡತಿಯ ರೋಗ ಕರಗುವುದನ್ನು ಆಟ ನೋಡುವವನ ಹಾಗೆ ನೋಡುತ್ತಿದ್ದ.

ಅದು ಅರವತ್ತರ ದಶಕದ ಒಂದು ಮಳೆಗಾಲದ ಕೊನೆ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಸಾಗರದ ನಮ್ಮ ಬಾಡಿಗೆ ಮನೆಗೆ ಮರಳಿದ್ದೆ. ಸಾಲುಮನೆಗಳಿಗೆಲ್ಲ ಒಂದೇ ಬಾವಿ. ಅದರ ಮೇಲ್ಗಡೆ, ಇಳಿಜಾರಿನಲ್ಲಿ, ಕಕ್ಕಸಿನ ಗುಂಡಿ. ಮಳೆಗೆ ಗುಂಡಿ ತುಂಬಿದರೆ ಅದರ ಕೊಳೆ ಎಲ್ಲಿಗೆ ಇಳಿಯುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಮನೆಗೊಬ್ಬರಂತೆ ಕಣ್ಣು ಹಳದಿಯಾದಾಗ ಪಿತ್ತ ಎಂದರು, ಹಲಸಿನಹಣ್ಣು ಎಂದರು, ದೃಷ್ಟಿ ಎಂದರು. ನೀರು ಎಂದವರಿಲ್ಲ. ಮನೆಗಳ ಮಾಲೀಕರು ಬಾವಿಗೆ ಗಂಗೆಪೂಜೆ ಮಾಡಿಸಿ ನಿಶ್ಚಿಂತರಾದರು.

ನನ್ನ ಕಾಟ ತಡೆಯಲಾರದೆ ಅಮ್ಮ ನೀರು ಕುದಿಸಿದಳು. ಕುದಿಸಿ, ಅದಕ್ಕೆ ಆಗತಾನೇ ಬಾವಿಯಿಂದ ಸೇದಿದ ತಣ್ಣೀರನ್ನು ಒಂದು ಚೊಂಬು ಬೆರೆಸಿ, ಅತ್ತಿಗೆಗೆ ಕೊಟ್ಟಳು.

"ಬರೀ ಕಾಸಿದ್ದು ಸತ್ತ ನೀರು ಮಾರಾಯ್ತಿ. ಬಸುರಿಗೆ ಅದನ್ನ ಕುಡಿಸ್ತಾರಾ?"

ಅತ್ತಿಗೆಗೆ ಏಳು ತಿಂಗಳು. ಬಸುರಿಯರಿಗೆ ಈ ರೋಗ ಬಂದರೆ ತಾಯಿ ಮಗು ಇಬ್ಬರೂ ಉಳಿಯದೆ ಹೋಗಬಹುದೆಂದು ನಮ್ಮ ಹಾಸ್ಟೆಲಿಗೆ ಬರುತ್ತಿದ್ದ ಡಾಕ್ಟರು ಹೇಳಿದ್ದರು. ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯೋಣವೆಂದು ನಾನು ದಿನವೂ ಹೇಳುತ್ತಿದ್ದೆ. ಅಣ್ಣ ರಜೆ ಸಿಗುವುದಿಲ್ಲ ಎನ್ನುತ್ತಿದ್ದ. ಅಮ್ಮ ಹೊಸನಗರದ ಕಡೆಯಿಂದ ಈ ಪಂಡಿತರನ್ನು ಕರೆಸಿದಳು.

ಬೋಗುಣಿಗೆ ಅದ್ದಿಸುವ ಮೊದಲು ಅವರು ಅತ್ತಿಗೆಯ ಅಂಗೈಗೆ ಯಾವುದೋ ತೊಗಟೆಯ ರಸ ತಿಕ್ಕಿದ್ದನ್ನು ನಾನು ನೋಡಿದ್ದೆ.

"ನನ್ನ ಕೈಗೂ ಅದನ್ನೇ ಹಚ್ಚಿ," ಎಂದೆ.

"ನಿಮಗೆಂತಕ್ಕೆ ತಂಗಿ?"

"ನೋಡೋಣ."

ಅಮ್ಮನೆದುರು ಅವರಿಗೆ ಇಲ್ಲವೆನ್ನಲಾಗಲಿಲ್ಲ. ಹಚ್ಚಿದರು. ಹೊಸ ಸುಣ್ಣದ ತಿಳಿಯಲ್ಲಿ ಕೈ ಇಟ್ಟೆ. ಅತ್ತಿಗೆಯದಕ್ಕಿಂತ ಗಾಢವಾದ ಹಳದಿ ಇಳಿಯಿತು.

"ಕಂಡ್ಯಾ ಅಮ್ಮಾ? ಇದು ತೊಗಟೆಯ ಬಣ್ಣ. ಸುಣ್ಣದ ನೀರಿಗೆ ಬಿದ್ದರೆ ಯಾರ ಕೈಯಾದ್ರೂ ಹೀಗೇ."

ಅಮ್ಮ ಬೋಗುಣಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಯ್ಯೋ ದೇವರೇ, ಇವಳಿಗೂ ಬಂತಲ್ಲ."

"ಅದಕ್ಕೇ ನಾ ಅನುಮಾನ್ಸಿದ್ದು," ಎಂದರು ಪಂಡಿತರು, ಒಂದು ಕ್ಷಣವೂ ತಡವರಿಸದೆ. "ಒಳಗಿಂದೊಳಗೇ ಇದೆ."

ಅಣ್ಣ ಹತ್ತಿರ ಬಂದು ನನ್ನ ರೆಪ್ಪೆ ಎಳೆದು ನೋಡಿದ. "ಸ್ವಲ್ಪ ಹಳದಿ ಹೌದು," ಎಂದ. ಅವನೂ ಮೆಟ್ರಿಕ್ ಪಾಸಾದವನೇ.

"ಮುಂದಿನ ವಾರ ತೀರ್ಥಹಳ್ಳಿಯವ್ರು ಹೆಣ್ಣು ನೋಡ್ಲಿಕ್ಕೆ ಬರ್ತಾರೆ," ಎಂದಳು ಅಮ್ಮ. "ಈ ಮುಖ ತೋರಿಸ್ಲಿಕ್ಕಾಗ್ತದಾ? ನಾಳೆಯೇ ಇವಳನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗು."

ಅಣ್ಣ ಹೂಂ ಎಂದ. ಹೆಂಡತಿಗೆ ಸಿಗದ ರಜೆ ಅರೆಗಳಿಗೆಯಲ್ಲಿ ಸಿಕ್ಕಿತ್ತು. ಸೊಸೆಗೆ ಬೋಗುಣಿ, ಮಗಳಿಗೆ ಆಸ್ಪತ್ರೆ. ಇವರಿಗೆ ರಸಾಯನಶಾಸ್ತ್ರ ತಿಳಿಸಲು ಹೊರಟ ನನ್ನ ಶ್ರಮಕ್ಕೆ ನನಗೇ ನಗು ಬಂತು.

"ಹೋಗ್ತೀನಿ. ಅತ್ತಿಗೆ ಜೊತೆಗೆ ಬಂದ್ರೆ," ಎಂದೆ.

"ಅವಳಿಗೆ ಇಲ್ಲೇ ಇಳೀತಾ ಇದೆಯಲ್ಲ," ಎಂದಳು ಅಮ್ಮ.

"ಹಾಗಾದ್ರೆ ನನಗೂ ಇಲ್ಲೇ ಇಳೀಲಿ."

ಅಮ್ಮ ಪಂಡಿತರ ಮುಖ ನೋಡಿದಳು. ಅವರು ತಮ್ಮ ಗಂಟು ಕಟ್ಟಿಕೊಳ್ಳುತ್ತಿದ್ದರು. "ಇಬ್ರೂ ಹೋಗ್ಲಿ ಅತ್ಲಾಗೆ," ಎಂದಳು ಅಮ್ಮ.

ಅತ್ತಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಎರಡು ಸೀರೆ ಮಡಿಸಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಬದಿಗೆ ಕೂರಿಸಿದೆ. ಅಣ್ಣ ಮುಂದಿನ ಸೀಟಿನಿಂದ ತಿರುಗಿ ತಿರುಗಿ ನನ್ನ ಕಣ್ಣು ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ರೋಗಿ ಯಾರೆಂದು ಕೇಳಿದಾಗ, ಅವನು ನನ್ನತ್ತ ಕೈ ತೋರಿಸುವ ಮೊದಲೇ ಅತ್ತಿಗೆಯ ಹೆಸರು ಬರೆಸಿದೆ.