ಆಯಮ್ಮನ ಬಲಗೈ

ಆಂಜನಮ್ಮನ ಧೈರ್ಯಕ್ಕೆ ಆಸ್ಪತ್ರೆಯಲ್ಲಿ ದೊಡ್ಡ ಹೆಸರಿತ್ತು. ಆ ಧೈರ್ಯ ಬೇರೆಯವರ ಮೈಗೆ ಕತ್ತರಿ ಬೀಳುವಾಗ ಮಾತ್ರ ಬರುವಂಥದ್ದು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ.

ಬೆನ್ಸನ್ ಟೌನಿನ ಕಡೆಯ ಒಂದು ಆಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ಅವಳು ಆಯಾ. ಮದುವೆಯಾಗಿ ಲಿಂಗರಾಜಪುರಕ್ಕೆ ಬಂದ ಹೊಸದರಲ್ಲೇ ಕೆಲಸಕ್ಕೆ ಸೇರಿದವಳು. ಎಪ್ಪತ್ತೊಂದನೇ ಇಸವಿಯ ಹೊತ್ತಿಗೆ ತಲೆ ಅರ್ಧ ನರೆತಿತ್ತು. ನೆಲ ಒರೆಸುವುದು, ಬಟ್ಟೆ ಹಿಂಡುವುದು, ಬೆಡ್‌ಪ್ಯಾನ್ ಇಡುವುದು ಸಂಬಳದ ಕೆಲಸ. ಆಪರೇಷನ್ನಿಗೆ ಹೆದರಿದವರನ್ನು ಗದರಿಸುವುದು ತಾನಾಗಿ ಮೈಮೇಲೆ ಹಾಕಿಕೊಂಡ ಕೆಲಸ.

"ಅಳೋದ್ಯಾಕೆ? ಇರುವೆ ಕಚ್ಚಿದಂಗಿರ್ತದೆ ಅಷ್ಟೇ. ಎಷ್ಟು ಜನಾನ ನೋಡಿಲ್ಲ ನಾನು!"

ನೋಡಿದ್ದೇನೋ ನಿಜ. ಕಚ್ಚಿಸಿಕೊಂಡಿರಲಿಲ್ಲ.

ಆ ವರ್ಷ ಅವಳ ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಜೋಮು ಹಿಡಿಯತೊಡಗಿದವು. ಬೆಳಿಗ್ಗೆ ಎದ್ದರೆ ಕೈ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಜೋರಾಗಿ ಕೊಡವಿದರೆ ಸೂಜಿ ಚುಚ್ಚಿದಂತಾಗಿ ಜೀವ ಬರುತ್ತಿತ್ತು. ಗಂಡ ಮುನಿನಂಜಪ್ಪ ಕೆ.ಆರ್. ಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವನು, ಮಾತು ಕಡಿಮೆ.

"ದಿನಾ ಆಸ್ಪತ್ರೇಲೇ ಇರ್ತೀಯ. ಡಾಕ್ಟ್ರಿಗೆ ತೋರ್ಸ್ಬಾರ್ದಾ?" ಎಂದ.

"ಇಷ್ಟಕ್ಕೆಲ್ಲ ಡಾಕ್ಟ್ರು ಯಾಕಯ್ಯಾ? ಬರೀ ವಾಯು ಇದು."

ವಾಯುವಿಗೆಂದು ಹರಳೆಣ್ಣೆ ಹಚ್ಚಿದಳು. ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಳು. ಬದನೆಕಾಯಿ, ಆಲೂಗಡ್ಡೆ ಬಿಟ್ಟಳು. ವಾಯು ಹೋಗಲಿಲ್ಲ, ಬದನೆಕಾಯಿಯ ಆಸೆಯೂ ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಹಲಸೂರಿನಲ್ಲಿ ಮೂಳೆಗೆ ಕಟ್ಟು ಹಾಕುವ ವೈದ್ಯರೊಬ್ಬರ ಮನೆಗೆ ಹೋದಳು. ಅಂಥ ಕಟ್ಟು ಹಾಕಿಸಿಕೊಂಡು ಆಸ್ಪತ್ರೆಗೆ ಬಂದವರಿಗೆ ಅವಳು ಮಾಡುತ್ತಿದ್ದ ಮಂಗಳಾರತಿ ಅಷ್ಟಿಷ್ಟಲ್ಲ. ಹಾಗಾಗಿ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಳು.

"ಆಯಮ್ಮಾ, ನೀವಾ?"

ತಿರುಗಿ ನೋಡಿದರೆ ಮೆಹರುನ್ನೀಸಾ. ರಸೆಲ್ ಮಾರುಕಟ್ಟೆಯ ಹತ್ತಿರ ಬಳೆ ಅಂಗಡಿ ಇಟ್ಟಿದ್ದ ಹೆಂಗಸು. ಎರಡು ವರ್ಷದ ಹಿಂದೆ ಹೊಟ್ಟೆ ಆಪರೇಷನ್ನಿಗೆ ಬಂದಾಗ ಆಂಜನಮ್ಮನಿಂದ ಸರಿಯಾಗಿ ಬೈಸಿಕೊಂಡಿದ್ದಳು. ಈಗ ಉಳುಕಿದ ಕಾಲು ಚಾಚಿಕೊಂಡು ಕುಳಿತಿದ್ದವಳ ಮುಖದಲ್ಲಿ ಹಬ್ಬದ ಕಳೆ ಬಂತು.

"ನಾನು... ಇವ್ರ ಮನೇಲಿ ಹಸು ಕರು ಹಾಕೈತಂತೆ, ಗಿಣ್ಣು ಕೇಳೋಕೆ ಬಂದೆ," ಎಂದಳು ಆಂಜನಮ್ಮ.

"ಹಸು ಎಲ್ಲೈತೆ ಇಲ್ಲಿ?" ಎಂದು ಮೆಹರುನ್ನೀಸಾ ಸುತ್ತ ನೋಡಿದಳು. ಹಸು ಇರಲಿಲ್ಲ. ಅಷ್ಟರಲ್ಲಿ ವೈದ್ಯರು ಹೊರಗೆ ಬಂದು, "ಕೈ ಜೋಮು ಅಂದ್ರಲ್ಲ, ಯಾರಮ್ಮ ಅದು?" ಎಂದು ಕೂಗಿದರು.

ಬಿಗಿಯಾದ ಕಟ್ಟಿನಿಂದ ಜೋಮು ಹೆಚ್ಚಾಯಿತು. ಮಾರನೆಯ ವಾರ ರೌಂಡ್ಸ್ ಹೊತ್ತಿನಲ್ಲಿ ಡಾಕ್ಟರ್ ಗುರುರಾಜ್ ಅವರ ಕಾಲ ಬಳಿಯೇ ಅವಳ ಕೈಯಿಂದ ನೀರಿನ ಬೇಸಿನ್ ಜಾರಿ ಬಿತ್ತು. ಅವರು ಒದ್ದೆ ಪ್ಯಾಂಟಿನಲ್ಲೇ ಅವಳ ಕೈ ಹಿಡಿದು ಕಟ್ಟು ಬಿಚ್ಚಿಸಿದರು. ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು; ಕರೆಂಟು ಹೊಡೆದಂತೆ ಬೆರಳ ತುದಿಯ ತನಕ ಜುಮ್ಮೆಂದಿತು. ಹೆಬ್ಬೆರಳ ಬುಡದ ಮಾಂಸ ಸೊರಗಿರುವುದನ್ನು ತೋರಿಸಿದರು.

"ಮಣಿಕಟ್ಟಲ್ಲಿ ಒಂದು ಪಟ್ಟಿ ಇದೆ, ಅದರ ಕೆಳಗೆ ನರ. ಪಟ್ಟಿ ಬಿಗಿಯಾಗಿ ನರಾನ ಅದುಮ್ತಾ ಇದೆ. ಲಂಗದ ಲಾಡಿ ಬಿಗಿಯಾದ್ರೆ ಏನ್ಮಾಡ್ತೀರಿ?"

"ಬಿಚ್ತೀವಿ."

"ಇದನ್ನ ಬಿಚ್ಚೋಕಾಗಲ್ಲ, ಕತ್ತರಿಸ್ಬೇಕು. ಮೊದ್ಲು ಇಂಜೆಕ್ಷನ್ ಕೊಟ್ಟು ನೋಡೋಣ."

ಇಂಜೆಕ್ಷನ್ನಿನಿಂದ ದಸರೆಯ ತನಕ ಕೈ ಸುಮ್ಮನಿತ್ತು. ಆಮೇಲೆ ಮತ್ತೆ ಶುರು. ಕತ್ತರಿಸುವ ಮಾತು ಬಂದಾಗಲೆಲ್ಲ ಆಂಜನಮ್ಮನ ಬಳಿ ಪಂಚಾಂಗವೇ ಸಿದ್ಧವಾಗಿರುತ್ತಿತ್ತು. ಅಮಾವಾಸ್ಯೆ ಕಳೆಯಲಿ ಎಂದಳು. ನಾದಿನಿಯ ಮಗಳ ಮದುವೆ ಎಂದಳು. ಧನುರ್ಮಾಸದಲ್ಲಿ ಬೇಡ ಎಂದಳು. ಧನುರ್ಮಾಸ ಮುಗಿದಾಗ ಚಳಿಗೆ ಗಾಯ ಮಾಯುವುದಿಲ್ಲ ಎಂದಳು. ಇಷ್ಟೆಲ್ಲ ನೆಪವನ್ನು ವಾರ್ಡಿನ ಯಾವ ಪೇಷೆಂಟೂ ತನ್ನ ಮುಂದೆ ಹೇಳಿ ದಕ್ಕಿಸಿಕೊಂಡಿದ್ದಿಲ್ಲ ಎಂದು ನೆನೆದಾಗ ಅವಳಿಗೇ ನಗು ಬರುತ್ತಿತ್ತು. ನಗುತ್ತಲೇ ಮುಂದಿನ ನೆಪ ಹುಡುಕುತ್ತಿದ್ದಳು.

ಆ ನಗು ಒಂದು ದಿನ ನಿಂತಿತು. ವಾರ್ಡಿನಲ್ಲಿ ಚಳಿಗೆ ನಡುಗುತ್ತಿದ್ದ ಮುದುಕಿಯೊಬ್ಬಳ ಕಾಲಿಗೆ ಬಿಸಿನೀರಿನ ಚೀಲ ಇಡಬೇಕಿತ್ತು. ಆಂಜನಮ್ಮ ಎಂದಿನಂತೆ ಬಲಗೈ ಬೆರಳಿನಿಂದ ಮುಟ್ಟಿ ನೋಡಿ, ಹದವಾಗಿದೆ ಎಂದುಕೊಂಡು ಇಟ್ಟಳು. ಮುದುಕಿ ಕಿರುಚಿಕೊಂಡಳು. ಎಡಗೈಯಿಂದ ಮುಟ್ಟಿದಾಗ ಚೀಲ ಕೆಂಡದಂತಿತ್ತು. ಸಿಸ್ಟರ್ ಸ್ಟೆಲ್ಲಾ ಓಡಿ ಬಂದು ತಣ್ಣೀರು ಹಾಕಿದರು. ಕಾಲು ಕೆಂಪಾಯಿತೇ ಹೊರತು ಬೊಬ್ಬೆ ಏಳಲಿಲ್ಲ. ಮುದುಕಿಯೇ, "ಹೋಗ್ಲಿ ಬಿಡವ್ವಾ," ಎಂದು ಸಮಾಧಾನ ಹೇಳಿದಳು. ಆಂಜನಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನೇರವಾಗಿ ಡಾಕ್ಟರ ಕೋಣೆಗೆ ಹೋದಳು.

"ಯಾವತ್ತು ಬರ್ಲಿ ಸಾ?"

ಆಪರೇಷನ್ನಿಗೆ ಮುಂಚೆ ಬಲಗೈಯ ಗಾಜಿನ ಬಳೆ ತೆಗೆಯಬೇಕಿತ್ತು. ಊದಿದ ಕೈಯಿಂದ ಅವು ಜಪ್ಪಯ್ಯ ಎಂದರೂ ಹೊರಬರಲಿಲ್ಲ, ಒಡೆಯಲು ಅವಳಿಗೆ ಮನಸ್ಸಿಲ್ಲ. ಬೇರೆ ದಾರಿಯಿಲ್ಲದೆ ಮೆಹರುನ್ನೀಸಾಳ ಅಂಗಡಿಗೆ ಹೋದಳು. ಮೆಹರುನ್ನೀಸಾ ಸೋಪು ಸವರಿ, ಬೆರಳುಗಳನ್ನು ಒಂದರ ಮೇಲೊಂದು ಮಡಿಸಿ ಹಿಸುಕಿ, ಒಂದೊಂದಾಗಿ ಬಳೆ ಜಾರಿಸಿದಳು.

"ಹೆದ್ರಿಕೆನಾ ಆಯಮ್ಮಾ?"

"ನಂಗಾ?" ಎಂದಳು ಆಂಜನಮ್ಮ. ಆಮೇಲೆ ದನಿ ತಗ್ಗಿಸಿ, "ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಕಣಮ್ಮಾ," ಎಂದಳು.

"ನಂಗೂ ಹಂಗೇ ಆಗಿತ್ತು. ನೀವು ಬೈದ್ರಲ್ಲಾ, ಆ ಸಿಟ್ಟಲ್ಲಿ ಹೆದ್ರಿಕೆ ಮರ್ತೋಯ್ತು. ನಾಳೆ ನಾನು ಬಂದು ಬೈಲಾ?"

ಮಾರನೆಯ ದಿನ ಆಂಜನಮ್ಮ ತಾನೇ ಒರೆಸಿ ಒರೆಸಿ ಹೊಳಪು ಬರಿಸಿದ್ದ ಟೇಬಲ್ಲಿನ ಮೇಲೆ ಮಲಗಿದಳು. ಕೈಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಸಿಸ್ಟರ್ ಸ್ಟೆಲ್ಲಾ ಗಂಭೀರವಾಗಿ ಬಗ್ಗಿ, "ಏನಿಲ್ಲ ಆಯಮ್ಮ, ಇರುವೆ ಕಚ್ಚಿದ ಹಾಗೆ," ಎಂದರು.

ಸೂಜಿ ಅಂಗೈಗೆ ಇಳಿಯಿತು.

"ಅಯ್ಯಯ್ಯೋ! ಇರುವೇನಾ ಇದು? ಹಾವು ಕಣಮ್ಮೋ, ಹಾವು!"

ಆ ಕೂಗಿಗೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮುನಿನಂಜಪ್ಪ ಎದ್ದು ನಿಂತನಂತೆ. ಒಳಗೆ ಅವಳು ಹಲಸೂರಿನ ಸೋಮೇಶ್ವರನನ್ನು ಕರೆದಳು, ಶಿವಾಜಿನಗರದ ಮೇರಿಯಮ್ಮನನ್ನು ಕರೆದಳು, ಮೆಹರುನ್ನೀಸಾಳ ಅಲ್ಲಾನನ್ನೂ ಬಿಡಲಿಲ್ಲ. ಇನ್ನು ಯಾರನ್ನು ಕರೆಯಲಿ ಎಂದು ಯೋಚಿಸುತ್ತಿರುವಾಗ ಡಾಕ್ಟರು, "ಹೊಲಿಗೆ ಹಾಕಿದ್ದೂ ಆಯ್ತು, ಸುಮ್ನಿರಿ," ಎಂದರು.

"ನೀವಿನ್ನೂ ಶುರು ಮಾಡಿಲ್ಲ ಅಂದ್ಕೊಂಡಿದ್ದೆ ಸಾ."

ತನ್ನ ವಾರ್ಡಿನಲ್ಲೇ ಎರಡು ದಿನ ಮಲಗಿದಳು. ಗಂಜಿಗೆ ಉಪ್ಪಿಲ್ಲ ಎಂದು ಒಂದು ಸಲ, ಉಪ್ಪು ಹೆಚ್ಚೆಂದು ಒಂದು ಸಲ ಗಂಟೆ ಬಾರಿಸಿದಳು. ಮಂಚದ ಕೆಳಗೆ ಕಸ ಬಿಟ್ಟಿದ್ದಕ್ಕೆ ಬದಲಿ ಆಯಾಳನ್ನು ಬಗ್ಗಿ ಬಗ್ಗಿ ಬೈಯಲು ಹೋಗಿ ಬೀಳುವುದರಲ್ಲಿದ್ದಳು. ಊತ ಬರದಿರಲೆಂದು ಪಟ್ಟಿ ಸುತ್ತಿದ ಕೈಯನ್ನು ಎತ್ತರಕ್ಕೆ ಕಟ್ಟಿದ್ದರು. ಎದುರು ಮಂಚದವಳು, "ಆಯಮ್ಮ ಬಸ್ಸು ನಿಲ್ಲಿಸ್ತಾ ಅವ್ರೆ," ಎಂದಾಗ ವಾರ್ಡೇ ನಕ್ಕಿತು. ಅವಳೂ ನಕ್ಕಳು.

ಮನೆಯಲ್ಲಿ ಪಾಡು ಬೇರೆ. ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪದು. ಮುನಿನಂಜಪ್ಪನೇ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟ. ಅಕ್ಕಪಕ್ಕದವರು ನೋಡಿಯಾರೆಂದು ಅವಳು ಬಾಗಿಲು ಮುಚ್ಚಿಸಿದಳು. ಸೀರೆ ಉಡಿಸುವುದೂ ಅವನ ಪಾಲಿಗೇ ಬಂತು. ಪೆಟ್ಟಿಗೆ ಕಟ್ಟಿ ಅಭ್ಯಾಸವಾದ ಕೈ. ನೆರಿಗೆಯನ್ನು ಮಡಿಸಿ, ಅದುಮಿ, ಬಿಗಿದು ಸಿಕ್ಕಿಸಿದ.

"ನನ್ನ ಪಾರ್ಸಲ್ ಮಾಡಿ ರೈಲಿಗೆ ಹಾಕ್ತೀಯೇನಯ್ಯಾ? ಉಸಿರಾಡೋಕಾದ್ರೂ ಬಿಡು!"

"ದಾರೀಲಿ ಬಿಚ್ಕೋಬಾರ್ದು ಅಲ್ವಾ?" ಎಂದ ಅವನು.

ತಲೆ ಬಾಚಲು ಮೆಹರುನ್ನೀಸಾ ಶಿವಾಜಿನಗರದಿಂದ ಬರುತ್ತಿದ್ದಳು. ಸಿಕ್ಕು ಬಿಡಿಸುವಾಗ ಆಂಜನಮ್ಮ ಕೂಗಿದರೆ, "ಅಳೋದ್ಯಾಕೆ?" ಎಂದು ಗದರುವಷ್ಟು ಸಲಿಗೆ ಬೆಳೆಯಿತು.

ಹೊಲಿಗೆ ಬಿಚ್ಚಿದ ಮೇಲೆ ಎಲ್ಲ ಸರಿಹೋಗುತ್ತದೆಂದು ಅವಳು ನಂಬಿದ್ದಳು. ಜೋಮು ಹೋಗಿತ್ತು, ಆದರೆ ಬಲವಿರಲಿಲ್ಲ. ಹಲ್ಲುಪುಡಿಯ ಡಬ್ಬಿಯ ಮುಚ್ಚಳ ತೆರೆಯಲೂ ಆಗಲಿಲ್ಲ. ಅಂಗೈ ಊರಿದರೆ ಪ್ರಾಣ ಹೋದಂತಾಗುತ್ತಿತ್ತು. ಒಂದು ಮಧ್ಯಾಹ್ನ ಒಬ್ಬಳೇ ಕುಳಿತು, ಕೈ ಕೆಟ್ಟೇ ಹೋಯಿತೆಂದು ಅತ್ತಳು. ಅಳುತ್ತಲೇ, ಡಾಕ್ಟರು ಹೇಳಿದಂತೆ, ಹಿಟ್ಟಿನ ಉಂಡೆ ಹಿಡಿದು ಹಿಸುಕಿದಳು. ಆ ಹಿಟ್ಟಿನ ಚಪಾತಿಯನ್ನು ಮುನಿನಂಜಪ್ಪ ವಾರಗಟ್ಟಲೆ ತಿಂದ. ಒಂದು ದಿನವೂ ಉಪ್ಪು ಜಾಸ್ತಿ ಅನ್ನಲಿಲ್ಲ.

ಯುಗಾದಿಯ ಹಿಂದಿನ ದಿನ ರಸೆಲ್ ಮಾರುಕಟ್ಟೆಗೆ ಒಬ್ಬಳೇ ಹೋದಳು. ತರಕಾರಿಯ ಅಕ್ತರನ ಗುಡ್ಡೆಯಿಂದ ಒಂದು ಬದನೆಕಾಯಿ ಎತ್ತಿಕೊಂಡಳು. ನುಣುಪು ಬೆರಳಿಗೆ ತಿಳಿಯಿತು. ತೊಟ್ಟಿನ ಮುಳ್ಳು ಚುಚ್ಚಿತು. ಎಷ್ಟೋ ತಿಂಗಳ ಮೇಲೆ ಹೆಬ್ಬೆರಳಿಗೆ ಏನೋ ಚುಚ್ಚಿದ್ದು. ಬೀನ್ಸ್ ಮುಟ್ಟಿದಳು, ಹೀರೇಕಾಯಿಯ ಏಣು ಸವರಿದಳು, ಮಾವಿನಕಾಯಿ ಒತ್ತಿದಳು, ಕೊತ್ತಂಬರಿಯ ಒದ್ದೆ ಎಲೆ ಉಜ್ಜಿದಳು.

"ಅಮ್ಮಾ, ತಗೊಳ್ಳೋದಾದ್ರೆ ತಗೊಳ್ಳಿ. ಎಲ್ಲಾನೂ ಹಿಸುಕಿ ಇಟ್ರೆ ಯಾರು ಕೊಳ್ತಾರೆ?" ಎಂದ ಅಕ್ತರ್.

"ತಗೊಂತೀನಪ್ಪಾ, ತಾಳು," ಎಂದು ಅವಳು ಇನ್ನೊಂದು ಬದನೆಕಾಯಿಗೆ ಕೈ ಚಾಚಿದಳು.