ಗೌಂಡಿಯ ಶೇಂಗಾ ಮಡಿ

ಅಂಬಣ್ಣ ಕಟ್ಟಿದ ಗೋಡೆ ಸೊಟ್ಟಗಿದೆ ಎಂದವರು ಪುಣೆಯಲ್ಲಿ ಯಾರೂ ಇಲ್ಲ. ಯಾದಗಿರಿ ಕಡೆಯ ಗೌಂಡಿ, ನಮ್ಮ ಪಕ್ಕದ ತಗಡು ಪತ್ರಾ ಶೆಡ್ಡಿನವನು. ಹೋದ ವರ್ಷ ಅವನ ಮೊಣಕಾಲು ಕೈಕೊಟ್ಟಿತು. ಎತ್ತರದಲ್ಲಿ ನಿಂತರೆ ನಡುಗುವ ಗೌಂಡಿಯನ್ನು ಯಾವ ಮುಕಾದಮ ಇಟ್ಟುಕೊಳ್ಳುತ್ತಾನೆ?

ಆಗ ಕೈ ಹಿಡಿದವಳು ಪುಣೆ ಹತ್ತಿರದ ಸಾಸವಡದ ಕೃಷ್ಣಾಬಾಯಿ. ಹಿಂದೆ ಅವಳ ಮನೆ ಕಟ್ಟಿದ್ದವನು ಇವನೇ. ಅವಳಿಗೆ ಒಂದು ತುಂಡು ಹೊಲ, ಬಾವಿಯ ಪಕ್ಕ ಒಂದು ಕೋಣೆ. ಬೇಸಿಗೆ ಶೇಂಗಾ ಚೆನ್ನಾಗಿ ಬೆಳೆದು ತೋರಿಸಿದರೆ ಹೊಲ ಪಾಲಿಗೆ, ಕೋಣೆ ವಾಸಕ್ಕೆ. ಇಲ್ಲದಿದ್ದರೆ ಮಳೆಗಾಲದ ಮೊದಲಿಗೆ ಸಂತರ ಪಲ್ಲಕ್ಕಿ, ಆ ಪಾಲಕಿ, ಊರಿಗೆ ಬರುವುದರೊಳಗೆ ಬೇರೆಯವರಿಗೆ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಅಂಬಣ್ಣನ ಹೆಂಡತಿ ಹುಲಿಗೆವ್ವ ಅವತ್ತೇ ಆ ಕೋಣೆಯನ್ನು ಸಾರಿಸಿ ಬಂದಳು. ಪಾಪ, ಅಷ್ಟು ಆಸೆ ಅವಳಿಗೆ.

ಅಕ್ಕಪಕ್ಕದ ಹೊಲಗಳಲ್ಲಿ ಮಣ್ಣೇರಿಸಿ ಅಗಲ ಮಡಿ ಮಾಡಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ತೂತು ಕೊರೆದು ಬೀಜ ಹಾಕಿದ್ದರು. ಹಸಿ ಆರುವುದಿಲ್ಲ, ಕಳೆ ಬರುವುದಿಲ್ಲ. ಅಂಬಣ್ಣ ಕೇಳಬೇಕೆ! ದಾರ ಕಟ್ಟಿದ, ಲೆವಲ್ ಪೈಪು ಹಿಡಿದ, ಗೋಡೆಯಂತೆ ಮಡಿ ಎಬ್ಬಿಸಿದ. ಸಾಲಿನಿಂದ ಸಾಲಿಗೆ ಗೇಣು, ಗಿಡದಿಂದ ಗಿಡಕ್ಕೆ ಅರ್ಧ ಗೇಣು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದರೆ ಆ ತೆಳು ಹಾಳೆ ಅವನ ಮನಸ್ಸಿಗೆ ಬರಲಿಲ್ಲ.

"ಉಳ್ಳಾಗಡ್ಡಿ ಸಿಪ್ಪಿ ಇದ್ದಂಗ ಅದ. ನಾಳೆ ಹರದ್ ಹೋಗ್ತದ" ಎಂದು, ಕಾಂಕ್ರೀಟಿನ ಅಡಿಗೆ ಹಾಸುವ ದಪ್ಪ ಕರಿ ತಾಡಪತ್ರಿಯನ್ನು ಸೈಟಿನಿಂದ ಕೇಳಿ ತಂದು ಹಾಸಿ, ಅಳತೆಯಂತೆ ತೂತು ಕೊರೆದು ಬೀಜ ಹಾಕಿದ.

ಹುಲಿಗೆವ್ವ ಶೇಂಗಾ ಹೊಲದಲ್ಲೇ ಬೆಳೆದವಳು. ಹೂ ಬಿಟ್ಟ ದಿನ ಸುಮ್ಮನಿರಲಿಲ್ಲ.

"ಅಲ್ರಿ, ಹೂವಿನ ಸೂಜಿ ಮಣ್ಣಾಗ ಇಳದ್ರ ಅಲ್ಲೇನ್ರಿ ಕಾಯಿ ಆಗೋದು? ಅವರದು ತೆಳು, ಚುಚ್ಕೊಂಡು ಇಳೀತದ. ಇಷ್ಟು ದಪ್ಪಂದು ಹೆಂಗ ತೂರ್ತದ? ಹರದ್ ಒಗೀರಿ."

"ಸುಮ್ನಿರು. ತೂತು ಅದಾವಲ್ಲ. ಮಡಿ ಕೆಡಿಸಬ್ಯಾಡ."

ಅವನದೂ ತಪ್ಪೆನ್ನಲೇ? ಹಸಿರು ಹಾಗಿತ್ತು. ದಾರಿಹೋಕರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. "ಲೈ ಭಾರಿ, ಅಂಬಣ್ಣಾ!" ಎಂದು ಕೃಷ್ಣಾಬಾಯಿಯೇ ಹೊಗಳಿದಳು. ಹೊಗಳಿಕೆ ಕೇಳಿ ಬೆಳೆದ ಮನುಷ್ಯನಲ್ಲ, ಉಬ್ಬಿಹೋದ. ಕೋಣೆಗೆ ಸುಣ್ಣ ಬಳಿದ, ಹುಲಿಗೆವ್ವನಿಗೆ ಹೊಸ ಒಲೆ ಕಟ್ಟಿಕೊಟ್ಟ.

ಕೀಳುವ ದಿನ ನಾನೂ ಹೋಗಿದ್ದೆ. ಮೊದಲ ಗಿಡ ಕಿತ್ತ. ತೂತಿನ ನೇರಕ್ಕೆ ಇಳಿದಿದ್ದ ನಾಲ್ಕು ಕಾಯಿ. ಉಳಿದ ಸೂಜಿಗಳೆಲ್ಲ ಹಾಳೆಯ ಮೇಲೆ ಕಮರಿ, ಕಪ್ಪಾಗಿ, ಮೊನೆ ಸೊಟ್ಟಾಗಿ ಬಿದ್ದಿದ್ದವು. ಎರಡನೆಯದೂ ಹಾಗೇ. ಇಡೀ ಮಡಿ ಹಾಗೇ. ಅಂಬಣ್ಣ ಕೀಳುತ್ತಲೇ ಹೋದ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅಂಥ ಬುದ್ಧಿ ಯಾರಿಗೆ ಬೇಕು! ಕೆಳಗಿನ ಹಸಿ ಮೇಲೇರಬಾರದು ಎಂದೇ ಆ ಹಾಳೆ ಹಾಸುತ್ತಾರೆ; ಅದರೊಳಗಿಂದ ಏನೂ ದಾಟುವುದಿಲ್ಲವೆಂದು ಹೊಸ ಆಳುಗಳಿಗೆ ಹೇಳಿಕೊಡುತ್ತಿದ್ದವನು ಅವನೇ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಕೃಷ್ಣಾಬಾಯಿ ಬೈಯಲಿಲ್ಲ. ಒಂದು ಗಿಡ ಎತ್ತಿ ನೋಡಿ, ಕೆಳಗಿಟ್ಟು, ಕೋಣೆಯ ಕೀಲಿಗೆ ಕೈ ಚಾಚಿದಳು.

ಪಾಲಕಿ ಸಾಸವಡಕ್ಕೆ ಬಂದಾಗ ಇವರು ಕೋಣೆ ಬಿಟ್ಟು ಮತ್ತೆ ನಮ್ಮ ಪಕ್ಕದ ಶೆಡ್ಡಿನಲ್ಲಿದ್ದರು. ಮಳೆ ಹಿಡಿಯಿತು. ಹಳೆ ಪತ್ರಾ ಸೋರುತ್ತದೆಂದು ಅಂಬಣ್ಣ ಅದೇ ಕರಿ ಹಾಳೆಯನ್ನು ಮೇಲೆ ಹೊದಿಸಿದ್ದ. ನಾನು ಹೋದಾಗ ಹುಲಿಗೆವ್ವ ಹಾಸಿಗೆಯನ್ನು ಮೂಲೆಗೆ ಸುತ್ತಿಟ್ಟು ಪಾತ್ರೆ ಜೋಡಿಸುತ್ತಿದ್ದಳು. ಪತ್ರಾದ ಉದ್ದ ಕಂಡಿಗಳಲ್ಲಿ, ಹಾಳೆಗೆ ಬೀಜಕ್ಕೆಂದು ಕೊರೆದಿದ್ದ ತೂತುಗಳಿಂದ ನೀರು ಸಾಲಾಗಿ ತೊಟ್ಟಿಕ್ಕುತ್ತಿತ್ತು, ಹನಿಯಿಂದ ಹನಿಗೆ ಅರ್ಧ ಗೇಣು.

ಅಂಬಣ್ಣ ಗೋಡೆಗೊರಗಿ ಅದನ್ನೇ ನೋಡುತ್ತಿದ್ದ.

"ಸಾಲು ಮಾತ್ರ ಭಾಳ ನೆಟ್ಟಗ ಬಂದಾವ ನೋಡ್ರಿ" ಎಂದ.