ಬೀಜ ಒಡೆಯುವ ಯಂತ್ರದ ಆಲ್ಬರ್ಟ್ ಸರ್

ಆಲ್ಬರ್ಟ್ ಸರ್ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ವರ್ನಿಯರ್ ಕ್ಯಾಲಿಪರ್ ಇರುತ್ತಿತ್ತು. ಕ್ಯಾಂಟೀನಿನ ಗೋಳಿಬಜೆಯನ್ನೂ ಅಳೆದು, "ಮೊನ್ನೆಗಿಂತ ಸಣ್ಣ ಉಂಟು ಮಾರಾಯ್ರೆ" ಎಂದು ಅದನ್ನು ಕರಿದ ಭಟ್ಟರನ್ನು ಸತಾಯಿಸುವವರು. ಎಪ್ಪತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದ ಲೆಕ್ಚರರ್.

ಅವರಿಗೆ ಒಂದೇ ಹಠ. ಗೇರುಬೀಜದ ಕಾರ್ಖಾನೆಗಳಲ್ಲಿ ಹೆಂಗಸರು ಕೊಡತಿಯಿಂದ ಬೀಜ ಒಡೆಯುವಾಗ ಸಿಪ್ಪೆಯ ಎಣ್ಣೆ ತಾಗಿ ಬೆರಳು ಸುಟ್ಟು ಕಪ್ಪಾಗುತ್ತಿತ್ತು. ಕಾಪುವಿನಲ್ಲಿದ್ದ ಅವರ ತಾಯಿ ಅದೇ ಕೆಲಸ ಮಾಡಿ ಮಗನನ್ನು ಓದಿಸಿದವರು. ಭಾನುವಾರ ಇಗರ್ಜಿಯ ಪ್ರಾರ್ಥನೆಗೆ ಹೋಗುವಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. "ಕೈಗೆ ಎಣ್ಣೆ ತಾಗದ ಮೆಷಿನ್ ಮಾಡುವ. ಆಗ್ತದೆ, ಆಗದೆ ಎಲ್ಲಿಗೆ ಹೋಗ್ತದೆ?" ಎನ್ನುತ್ತಿದ್ದರು.

ಆಯಿತು ಕೂಡ. ಪೆಡಲ್ ತುಳಿದರೆ ಎರಡು ಅಲಗುಗಳು ಸಿಪ್ಪೆಯನ್ನು ಸೀಳುವ ಯಂತ್ರವದು. ಕಾರ್ಕಳದ ಒಬ್ಬ ಕಾರ್ಖಾನೆ ಮಾಲಕರು ಒಪ್ಪಂದಕ್ಕೆ ಸಹಿ ಹಾಕಿದರು. ಹಾರ, ಭಾಷಣ, ಫೋಟೋ ಮುಗಿದ ಮೇಲೆ ತಂತ್ರಜ್ಞಾನ ವರ್ಗಾವಣೆಯಾಯಿತೆಂದು ದೊಡ್ಡವರೆಲ್ಲ ಕಾರು ಹತ್ತಿದರು.

ಮರುದಿನ ಕಾರ್ಖಾನೆಯಲ್ಲಿ ತಿರುಳೆಲ್ಲ ತುಂಡು ತುಂಡು! ಆಲ್ಬರ್ಟ್ ಸರ್ ತಮ್ಮ ಮಾವನ ಮನೆ ಗುಡ್ಡದ ಬೀಜವನ್ನು ಅಳೆದು ಅಲಗು ಕೂರಿಸಿದ್ದರು. ಕಾರ್ಖಾನೆಯಲ್ಲಿದ್ದದ್ದು ಆಫ್ರಿಕಾದಿಂದ ಹಡಗಿನಲ್ಲಿ ಬಂದ ಬೀಜ. ಅದರ ಗಾತ್ರವೇ ಬೇರೆ. ಗೋಳಿಬಜೆಯನ್ನೂ ಅಳೆಯುವವರು ಕಾರ್ಖಾನೆಯ ಬೀಜ ಎಲ್ಲಿಯದೆಂದು ವಿಚಾರಿಸಿರಲಿಲ್ಲ.

ಅಲಗನ್ನು ಹಿಂದೆ ಮುಂದೆ ಸರಿಸುವ ತಿರುಪು ಜೋಡಿಸಿದರು. ಆದರೂ ಕೈಯಲ್ಲಿ ಒಡೆದದ್ದಕ್ಕಿಂತ ತುಂಡು ತುಸು ಹೆಚ್ಚೇ ಬರುತ್ತಿತ್ತು. ಒಂದು ವಾರ ಪೆಡಲ್ ತುಳಿದ ಜಲಜಕ್ಕ ಕೊನೆಗೆ ಕೊಡತಿಯನ್ನೇ ಹಿಡಿದರು. "ಕೈ ಚಂದ ಉಳೀತದೆ ಸರ್, ಸುಳ್ಳು ಹೇಳ್ಬಾರ್ದು. ಆದ್ರೆ ಇಡಿ ತಿರುಳು ತೂಗಿ ಸಂಬಳ ಅಲ್ವಾ? ತುಂಡಾದ್ರೆ ನಾವು ಎಂತ ತಿನ್ನುವುದು?"

ದಿನಗೂಲಿ ಕೊಡಿ ಎಂದು ಸರ್ ಮಾಲಕರ ಮುಂದೆ ಕೈಮುಗಿದೇ ಬಿಟ್ಟರು. ಮಾಲಕರು ಎದ್ದು ಆ ಕೈ ಹಿಡಿದುಕೊಂಡು, "ಹಾಗೆ ಮಾಡ್ಬೇಡಿ ಪ್ರೊಫೆಸರ್ರೇ. ನಾನೊಬ್ಬ ಕೊಟ್ರೆ ಪಕ್ಕದ ಫ್ಯಾಕ್ಟರಿಯವ ನನ್ನನ್ನು ಮುಗಿಸ್ತಾನೆ" ಎಂದರು. ಅದೂ ಸುಳ್ಳಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಯಾರನ್ನು ಬೈಯುವುದು? ಕಾಲೇಜಿನಲ್ಲಿ ಕೇಳಿದರೆ, ಯಂತ್ರದ ಬಗ್ಗೆ ಪ್ರಬಂಧ ಅಚ್ಚಾಗಿದೆಯಲ್ಲ, ಇನ್ನೇನು ಬೇಕು ಎಂಬ ಉತ್ತರ.

ಯಂತ್ರದ ಮೇಲೆ ಗೋಣಿ ಬಿತ್ತು. ಸರ್ ಮಾತ್ರ ಎಷ್ಟೋ ವರ್ಷ, ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ, ಗೋಣಿ ಸರಿಸಿ ಅದಕ್ಕೆ ಗ್ರೀಸ್ ಹಚ್ಚಿ ಬರುತ್ತಿದ್ದರು.

ಎಂಬತ್ತರ ದಶಕದ ನಡುವೆ ಅವರು ಆಸ್ಪತ್ರೆ ಸೇರಿದರು. ನಾನು ಕೊನೆಯ ಸಲ ನೋಡಲು ಹೋದ ದಿನ ಜಲಜಕ್ಕನೂ ಬಂದಿದ್ದರು, ಜೊತೆಗೆ ಮಗಳು.

"ಇವಳು ಈಗ ಎಂತ ಮಾಡ್ತಾಳೆ?" ಸರ್ ಕೇಳಿದರು.

"ಫ್ಯಾಕ್ಟರಿಯಲ್ಲಿ ನನ್ನ ಬದಿಯಲ್ಲೇ ಕೂತ್ಕೊಳ್ತಾಳೆ ಸರ್. ನನಗಿಂತ ಚುರುಕು. ಇವಳ ಕೈಯಲ್ಲಿ ಒಂದು ತಿರುಳೂ ತುಂಡಾಗುವುದಿಲ್ಲ." ತಾಯಿಗೆ ಹೆಮ್ಮೆಯೋ ಹೆಮ್ಮೆ.

ಹುಡುಗಿ ನಾಚಿಕೊಂಡು, ತಂದಿದ್ದ ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವರ ಬಾಯಿಗೆ ಕೊಟ್ಟಳು. ಸರ್ ಆ ಕಪ್ಪು ಬೆರಳುಗಳನ್ನೇ ನೋಡುತ್ತಾ, ಒಂದು ತೊಳೆಯನ್ನೂ ಬಿಡದೆ ತಿಂದರು.